ಕರೆದರೆ ಓ ಎನ್ನದ ಹುಡುಗಿ

ಕಸ್ತೂರಿಬಾಯಿಯ ಮುಂದೆ ಅವಳ ಮೊಮ್ಮಗಳನ್ನು ದಡ್ಡಿ ಎಂದರೆ ಸಿಟ್ಟು ಬರುತ್ತಿತ್ತು, ಜಾಣೆ ಎಂದರೆ ಅನುಮಾನ ಬರುತ್ತಿತ್ತು. ಶರಣೆ ಎಂದರೆ ಮಾತ್ರ ಚಹಾ ಬರುತ್ತಿತ್ತು. ಬಸವಕಲ್ಯಾಣದ ಆ ಓಣಿಯಲ್ಲಿ ಈ ಸಂಗತಿ ಎಲ್ಲರಿಗೂ ಗೊತ್ತಿದ್ದರಿಂದ ಚಹಾದ ಆಸೆ ಇದ್ದವರು ಹೊಸ್ತಿಲಲ್ಲೇ, "ಎಲ್ಲಿದ್ದಾಳ ನಮ್ಮ ಸಣ್ಣ ಶರಣಿ?" ಎಂದು ಕೇಳಿಕೊಂಡು ಒಳಗೆ ಬರುತ್ತಿದ್ದರು. ಪಕ್ಕದ ಮನೆಯ ಕಾಂತಾಬಾಯಿಯಂತೂ ಬೆಳಿಗ್ಗೆ ಒಮ್ಮೆ ಕೇಳಿ, ಸಂಜೆ ಮರೆತವಳಂತೆ ಮತ್ತೊಮ್ಮೆ ಕೇಳುತ್ತಿದ್ದಳು.

ಸಣ್ಣ ಶರಣೆಯ ಹೆಸರು ಪೂನಂ. ಪೇಟೆಯಲ್ಲಿ ಕಾಳುಕಡಿ ಅಂಗಡಿ ಇಟ್ಟಿದ್ದ ವೈಜನಾಥನ ಒಬ್ಬಳೇ ಮಗಳು, ಕಸ್ತೂರಿಬಾಯಿಯ ಒಬ್ಬಳೇ ಮೊಮ್ಮಗಳು. ಒಂಬತ್ತು ತುಂಬಿದ ವರ್ಷ ಅವಳಿಗೆ ಲಿಂಗದೀಕ್ಷೆ ಆಯಿತು. ಅಂದಿನಿಂದ ಬೆಳಗಾಗೆದ್ದು ಮಿಂದು, ಹಣೆಗೆ ವಿಭೂತಿ ಹಚ್ಚಿ, ಆಯಿ ಎಂದು ಕರೆಯುವ ಅಜ್ಜಿಯ ಪಕ್ಕದಲ್ಲಿ ಮಣೆಯ ಮೇಲೆ ಕೂತು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಅದರ ಮೇಲೆ ನೋಟ ನಿಲ್ಲಿಸುವುದು ಅವಳ ಪಾಠವಾಯಿತು. ನೋಟ ನಿಲ್ಲಿಸುವುದೆಂದರೆ ಬಾಯಿಮಾತಲ್ಲ. ಕಸ್ತೂರಿಬಾಯಿ ಮದುವೆಯಾಗಿ ಬಂದಾಗಿನಿಂದ ಒಂದು ದಿನ ಪೂಜೆ ತಪ್ಪಿಸಿದವಳಲ್ಲ. ಆದರೂ ಅವಳ ಕಣ್ಣು ಲಿಂಗದ ಮೇಲಿದ್ದರೆ ಕಿವಿ ಒಲೆಯ ಮೇಲಿನ ಹಾಲಿನ ಕಡೆ ಇರುತ್ತಿತ್ತು. ಹಾಲು ಉಕ್ಕುವ ಸದ್ದು ಸೊಸೆ ರಾಜೇಶ್ವರಿಗಿಂತ ಮೊದಲು ಅವಳಿಗೇ ಕೇಳುತ್ತಿತ್ತು. ಇದು ತನ್ನ ಭಕ್ತಿಗೆ ಒಂದು ಕುಂದು ಎಂಬ ಕೊರಗು ಅವಳ ಮನಸ್ಸಿನಲ್ಲಿ ಮೊದಲಿಂದಲೂ ಇತ್ತು.

ಒಂದು ಬೆಳಿಗ್ಗೆ ಪೂಜೆಯ ನಡುವೆ ಬಿಲ್ವಪತ್ರೆ ಬೇಕಾಗಿ, "ಪೂನಂ, ಪತ್ರಿ ಕೊಡು" ಎಂದಳು. ಹುಡುಗಿ ಅಲುಗಲಿಲ್ಲ. "ಪೂನಂ." ಇಲ್ಲ. "ಏ ಪೂನಂ!" ಊಹೂಂ. ಹುಡುಗಿಯ ಕಣ್ಣು ಲಿಂಗದ ಮೇಲೆ ನೆಟ್ಟಿದ್ದವು, ರೆಪ್ಪೆ ಮಾತ್ರ ಸಣ್ಣಗೆ ಅದುರುತ್ತಿದ್ದವು. ಕಸ್ತೂರಿಬಾಯಿ ಬೈಯಲು ಬಾಯಿ ತೆರೆದವಳು ಹಾಗೇ ಉಳಿದಳು. ಅಷ್ಟರಲ್ಲಿ ಪೂನಂ ತಿರುಗಿ, ಏನೂ ಆಗದವಳಂತೆ, "ಏನ ಆಯಿ?" ಎಂದಳು.

"ಎಲ್ಲಿ ಹೋಗಿದ್ದಿ ನನ ಕೂಸ? ಏನ ಕಂಡಿ?"

ಹುಡುಗಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಆದರೆ ಆಯಿಯ ಕಣ್ಣಲ್ಲಿ ನೀರು ತುಂಬಿದ್ದು ಕಂಡಿತು. ಏನೋ ಒಂದು ಹೇಳಬೇಕೆನಿಸಿ, ಎದುರಿಗಿದ್ದ ದೀಪ ನೋಡಿ, "ಬೆಳಕು" ಎಂದಳು.

ಆ ಒಂದು ಮಾತು ಸಾಕಾಯಿತು. ತನಗೆ ಇಷ್ಟು ವರ್ಷ ದಕ್ಕದ್ದು ಮೊಮ್ಮಗಳಿಗೆ ಒಂಬತ್ತನೆಯ ವರ್ಷಕ್ಕೇ ದಕ್ಕಿತು ಎಂದು ಕಸ್ತೂರಿಬಾಯಿ ಓಣಿಯೆಲ್ಲ ಸಕ್ಕರೆ ಹಂಚಿದಳು. ಶರಣರ ಊರು, ಜನರೂ ನಂಬಿದರು. ಮುಂದೆ ಯಾರಾದರೂ ಪೂಜೆಯ ಹೊತ್ತಿಗೆ ಬಂದರೆ ಕಸ್ತೂರಿಬಾಯಿ ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿ, ಹೊತ್ತು ನೋಡಿ ಮೆಲ್ಲಗೆ ಮೂರು ಸಲ ಕರೆದು ತೋರಿಸುತ್ತಿದ್ದಳು: ಪೂನಂ, ಪೂನಂ, ಪೂನಂ. ಓ ಎನ್ನದಿದ್ದರೆ ಬಂದವರು ಕೈ ಮುಗಿಯುತ್ತಿದ್ದರು. ಓ ಎಂದುಬಿಟ್ಟರೆ, "ಇವತ್ತ ಮನಸ್ಸ ನಿಂತಿಲ್ಲ" ಎಂದು ಆಯಿಯ ಮುಖ ಸಣ್ಣದಾಗುತ್ತಿತ್ತು.

ದೇವರ ಮನೆಯಲ್ಲಿ ನಡೆದದ್ದೇ ಶಾಲೆಯಲ್ಲಿಯೂ ನಡೆಯುತ್ತಿತ್ತು. ಮಗ್ಗಿ ಹೇಳುತ್ತ ಹೇಳುತ್ತ ನಡುವೆ ನಿಲ್ಲುವುದು, ಪದ್ಯ ಓದುವಾಗ ಒಂದು ಸಾಲು ಹಾರುವುದು, ಖೋಖೋ ಆಟದಲ್ಲಿ ಎಲ್ಲರಿಗಿಂತ ಮುಂದೆ ಓಡಿದವಳು ಬಯಲಿನ ನಡುವೆ ಕಂಬ ನಿಂತಂತೆ ನಿಂತು ಔಟಾಗುವುದು. ಅಲ್ಲಿ ಯಾರೂ ಸಕ್ಕರೆ ಹಂಚಲಿಲ್ಲ. "ಮುಗಿಲ ನೋಡೋಕಿ" ಎಂದು ಹೆಸರಿಟ್ಟು, ಮಾಸ್ತರರು ಅಂಗೈ ಮೇಲೆ ಛಡಿ ಇಟ್ಟರು. ಬೆಳಿಗ್ಗೆ ಲಿಂಗ ಹಿಡಿದ ಅಂಗೈಗೇ ಮಧ್ಯಾಹ್ನ ಏಟು. ಎಂಟನೆಯ ತರಗತಿಯಲ್ಲಿ ಒಂದು ವರ್ಷ ಫೇಲಾಗಿ ಕೂತಳು. ಹೊರಗೆ ದಡ್ಡಿ, ಒಳಗೆ ಶರಣೆ. ಎರಡರಲ್ಲಿ ಯಾವುದಾಗಬೇಕು ಎಂದು ಹುಡುಗಿಯನ್ನು ಕೇಳಿದವರಿಲ್ಲ.

ಅವಳು ಒಂಬತ್ತನೆಯಲ್ಲಿದ್ದಾಗ, ತೊಂಬತ್ತೊಂಬತ್ತನೆಯ ಇಸವಿಯಲ್ಲಿ, ಕಸ್ತೂರಿಬಾಯಿ ತೀರ್ಮಾನ ಮಾಡಿದಳು. ಬರುವ ಚೈತ್ರದ ದವನದ ಹುಣ್ಣಿಮೆಗೆ ಪೂನಂಳನ್ನು ಮಠಕ್ಕೆ ಕೊಡುವುದು. ಪಕ್ಕದ ತಾಲೂಕಿನಲ್ಲಿ ಹೆಣ್ಣುಮಕ್ಕಳೇ ನಡೆಸುವ ಒಂದು ಮಠವಿತ್ತು, ಅಲ್ಲಿಯ ಹಿರಿಯ ಅಕ್ಕನವರು ಬಂದು ಹುಡುಗಿಯನ್ನು ನೋಡಲು ಒಪ್ಪಿದ್ದರು. ಶಾಲೆಯ ಮಾತು ಬಂದಾಗ ವೈಜನಾಥ, "ಹ್ಯಾಂಗೂ ಹತ್ತನೇತ್ತ ಪಾಸಾಗಂಗಿಲ್ಲ ಬಿಡು. ಶಾಲ್ಯಾಗ ಬೈಸ್ಕೊಳ್ಳೋಕಿಂತ ಮಠದಾಗ ಕೈ ಮುಗಿಸ್ಕೊಳ್ಳೋದು ಛಲೋ" ಎಂದ. ಅಂಗಡಿಯವನ ಮಾತು, ತೂಕಕ್ಕೆ ಸರಿಯಾಗಿಯೇ ಇತ್ತು. ಪೂನಂ ಬಾಗಿಲ ಸಂದಿನಲ್ಲಿ ನಿಂತು ಕೇಳಿದಳು. ಅವಳಿಗೆ ಮಠದ ಮೇಲೆ ಸಿಟ್ಟಿರಲಿಲ್ಲ. ಆದರೆ ಆ ವರ್ಷ ಮೊದಲ ಸಲ ಅವಳಿಗೆ ಶಾಲೆ ಬಿಡಲು ಮನಸ್ಸಿರಲಿಲ್ಲ.

ಅದಕ್ಕೆ ಕಾರಣ ಗಣಿತದ ಹೊಸ ಟೀಚರು ವಿದ್ಯಾವತಿ. ಹುಮನಾಬಾದಿನಿಂದ ದಿನಾ ಬಸ್ಸಿಗೆ ಬಂದು ಹೋಗುವ ಹೆಣ್ಣು; ಸೀರೆಯ ಅಂಚಿನಲ್ಲಿ ಯಾವಾಗಲೂ ರಸ್ತೆಯ ಕೆಂಪು ಧೂಳು. ಹಿಂದೊಮ್ಮೆ ಬೀದರಿನಲ್ಲಿ ಶಿಕ್ಷಕರಿಗೆ ತರಬೇತಿ ನಡೆದಾಗ, ಕಣ್ಣಿಗೆ ಕಾಣದ ಕೊರತೆಗಳಿರುವ ಮಕ್ಕಳ ಬಗ್ಗೆ ಒಬ್ಬ ಡಾಕ್ಟರು ಮಾತಾಡಿದ್ದರು. ಬಂದವರಲ್ಲಿ ಬಹಳ ಜನ ಅಂದಿನ ಉಪ್ಪಿಟ್ಟನ್ನು ನೆನಪಿಟ್ಟರು. ವಿದ್ಯಾವತಿ ಡಾಕ್ಟರ ಮಾತನ್ನು ನೆನಪಿಟ್ಟಳು.

ಒಂದು ಸಂಜೆ ಅವಳು ನೇರ ಕಸ್ತೂರಿಬಾಯಿಯ ಮನೆಗೇ ಬಂದಳು. ಬಾಗಿಲಲ್ಲಿ ಸಣ್ಣ ಶರಣಿ ಎಲ್ಲಿ ಎಂದು ಕೇಳಲಿಲ್ಲ. ಅಲ್ಲೇ ಕಸ್ತೂರಿಬಾಯಿಗೆ ಆ ಹೆಣ್ಣು ಹಿಡಿಸಲಿಲ್ಲ.

"ಅಮ್ಮಾರ, ನಿಮ್ಮ ಪೂನಂ ಆಳಸಿ ಅಲ್ರಿ, ದಡ್ಡಿನೂ ಅಲ್ರಿ" ಎಂದಳು ವಿದ್ಯಾವತಿ.

"ಅದು ನಮಗ ಗೊತ್ತದ. ಆಕಿ ಶರಣಿ ಇದ್ದಾಳ."

"ಶರಣಿ ಆಗಲಿರಿ, ಯಾರ ಬ್ಯಾಡಂತಾರ? ಆದ್ರ ಮೊದಲ ಒಮ್ಮೆ ಡಾಕ್ಟರಿಗಿ ತೋರಸ್ರಿ. ಆಕಿ ನಡುವ ನಡುವ ಸುಮ್ಮ ನಿಂತಬಿಡ್ತಾಳಲ್ರಿ, ಅದು ಫಿಟ್ಸಿನ ಒಂದ ನಮೂನಿ ಇರಬೇಕಂತ ನನಗ ಅನಸ್ತದ."

ಫಿಟ್ಸ್! ಆ ಓಣಿಯಲ್ಲಿ ಆ ಶಬ್ದಕ್ಕೆ ಒಂದೇ ಅರ್ಥವಿತ್ತು. ನೆಲಕ್ಕೆ ಬಿದ್ದು ಒದ್ದಾಡುವುದು, ಬಾಯಲ್ಲಿ ನೊರೆ, ಯಾರೋ ಓಡಿ ಬಂದು ಕೈಗೆ ಕೊಡುವ ಕಬ್ಬಿಣದ ಕೀಲಿ, ಮೂಗಿಗೆ ಹಿಡಿಯುವ ಉಳ್ಳಾಗಡ್ಡಿ, ಆಮೇಲೆ ಆ ಮನೆಯ ಹೊಸ್ತಿಲಿಗೆ ಹೆಣ್ಣು ಕೇಳಿ ಬರುವವರೇ ಇಲ್ಲ. ಕಸ್ತೂರಿಬಾಯಿಯ ಮೈ ಉರಿದು ಹೋಯಿತು. "ನಮ್ಮ ಹುಡುಗಿ ಒಂದ ದಿನ ಬಿದ್ದಿಲ್ಲ, ನೊರಿ ಬಂದಿಲ್ಲ. ಯಾವ ಬಾಯಿಂದ ಅಂತೀಯವ್ವ ಇಂಥಾ ಮಾತು?" ಎಂದು ಎದ್ದು ನಿಂತಳು. ಆದರೆ ಬಂದವರನ್ನು ಬರಿಬಾಯಲ್ಲಿ ಕಳಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಆದ್ದರಿಂದ ಒಳಗಿಂದ ಚಹಾ ತರಿಸಿ, ಕಪ್ಪು, ಬಸಿ ಎದುರಿಗಿಟ್ಟು, "ಚಹಾ ಕುಡೀರಿ. ಕುಡದು ಹೋಗ್ರಿ. ಮತ್ತ ಬರಬ್ಯಾಡ್ರಿ" ಎಂದಳು.

ವಿದ್ಯಾವತಿ ಕುಡಿದಳು, ಹೋದಳು. ಮುಂದಿನ ವಾರ ಮತ್ತೆ ಬಂದಳು.

"ಮತ್ತ ಯಾಕ ಬಂದ್ರಿ?"

"ಚಹಾ ಭಾಳ ಛಲೋ ಇತ್ರಿ ಅಮ್ಮಾರ."

ಕಸ್ತೂರಿಬಾಯಿಗೆ ನಗು ಬಂತು. ಬಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು. ಆ ದಿನದ ಚಹಾದಲ್ಲಿ ಏಲಕ್ಕಿ ಇತ್ತು. ಸೊಸೆ ರಾಜೇಶ್ವರಿ ಅತ್ತೆಯ ಎದುರು ಬಾಯಿ ಬಿಡುವವಳಲ್ಲ. ಹೇಳಬೇಕಾದ್ದನ್ನು ಚಹಾದಲ್ಲಿ ಹಾಕುತ್ತಿದ್ದಳು. ಮೂರನೆಯ ಸಲಕ್ಕೆ ಶುಂಠಿಯೂ ಬಿತ್ತು.

ವಿದ್ಯಾವತಿ ಮತ್ತೆ ಫಿಟ್ಸಿನ ಮಾತು ಎತ್ತಲಿಲ್ಲ. ವಾದ ಮಾಡಲಿಲ್ಲ. ಬರಿ ಕೇಳಿದಳು: "ಯಾವ್ಯಾವಾಗ ಹೀಂಗ ಆಗ್ತದ್ರಿ ಆಕಿಗಿ?"

ಇದು ಕಸ್ತೂರಿಬಾಯಿಗೆ ಬಲು ಪ್ರೀತಿಯ ವಿಷಯ. "ಪೂಜಾದಾಗ ಆಗ್ತದ. ಊಟದಾಗೂ ಆಗ್ತದ, ತುತ್ತ ಕೈಯಾಗೇ ಇರ್ತದ. ಒಲಿ ಊದಾಗಂತೂ ಕೇಳಬ್ಯಾಡ. ಊದಗೊಳವಿ ಹಿಡದು ಜರಾ ಜೋರ ಊದಿದ್ಲು ಅಂದ್ರ ಸಾಕು, ಅಗ್ನಿ ನೋಡತ ಹೊಂಟೇ ಬಿಡ್ತಾಳ."

ವಿದ್ಯಾವತಿ ಬಸಿ ಕೆಳಗಿಟ್ಟಳು. "ಊದಿದಾಗ ಹೆಚ್ಚ ಆಗ್ತದಾ?" ಎಂದು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು. ಹೋಗುವಾಗ, "ನನ್ನ ಮ್ಯಾಲಿನ ಸಿಟ್ಟ ನನ್ನ ಮ್ಯಾಲೇ ಇರ್ಲಿರಿ. ಆದ್ರ ಆಕಿಗಿ ಒಲಿ ಊದಾಕ ಹಚ್ಚಬ್ಯಾಡ್ರಿ. ಸೆರಗಿಗಿ ಬೆಂಕಿ ಹತ್ತಿದ್ರೂ ಆ ಹೊತ್ತಿನ್ಯಾಗ ಆಕಿಗಿ ಗೊತ್ತಾಗಂಗಿಲ್ಲ" ಎಂದಳು. ಮರುದಿನದಿಂದ ಊದುಗೊಳವೆ ರಾಜೇಶ್ವರಿಯ ಕೈಯಲ್ಲಿತ್ತು.

ಹೀಗೇ ಬಿಟ್ಟರೆ ಈ ಹೆಣ್ಣು ಮಠದ ಕೆಲಸ ಕೆಡಿಸುತ್ತಾಳೆ ಎಂದು ಕಸ್ತೂರಿಬಾಯಿ ಒಂದು ದಿನ ಇಳಕಲ್ ಸೀರೆ ಉಟ್ಟು, ಹೆಡ್‌ಮಾಸ್ತರರಿಗೆ ದೂರು ಹೇಳಲೆಂದು ಶಾಲೆಗೆ ಹೊರಟಳು. ಹೆಡ್‌ಮಾಸ್ತರರು ಇರಲಿಲ್ಲ. ಕಾಯುತ್ತ ವರಾಂಡದಲ್ಲಿ ಅಡ್ಡಾಡುವಾಗ ಒಂದು ಕೋಣೆಯಿಂದ ವಿದ್ಯಾವತಿಯ ದನಿ ಕೇಳಿತು. ಕಿಟಕಿಯ ಪಕ್ಕ ನಿಂತಳು. ಕದ್ದು ಕೇಳುವುದು ತಪ್ಪೆಂದು ಅವಳಿಗೆ ಗೊತ್ತಿತ್ತು, ಆದರೆ ಕಿಟಕಿಗೆ ಬಾಗಿಲೇ ಇರಲಿಲ್ಲವಲ್ಲ.

ಪೂನಂ ಮುಂದಿನ ಸಾಲಿನಲ್ಲಿದ್ದಳು. ಪಕ್ಕದಲ್ಲಿ ಕುರಿ ಕಾಯುವವರ ಮನೆಯ ಹುಡುಗಿ ಅಮೃತ. ವಿದ್ಯಾವತಿ ಹಲಗೆಯ ಮೇಲೆ ಲೆಕ್ಕ ಬಿಡಿಸುತ್ತ ಒಂದೊಂದು ಹೆಜ್ಜೆಯನ್ನೂ ಬಾಯಲ್ಲಿ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಒಮ್ಮೆಲೇ ನಿಂತಳು. ಸುಣ್ಣದ ಕಡ್ಡಿ ಹಿಡಿದ ಕೈ ಹಲಗೆಯ ಮೇಲೆಯೇ ನಿಂತಿತು. ಇಡೀ ಕೋಣೆ ಸುಮ್ಮನಾಯಿತು. ಆಗ ಕಸ್ತೂರಿಬಾಯಿ ನೋಡಿದಳು: ಪೂನಂಳ ಕಣ್ಣು ಎಲ್ಲೋ ನೆಟ್ಟಿದ್ದವು, ರೆಪ್ಪೆ ಅದುರುತ್ತಿದ್ದವು. ಯಾರೂ ನಗಲಿಲ್ಲ. ಯಾರೂ "ಮುಗಿಲ ನೋಡೋಕಿ" ಎನ್ನಲಿಲ್ಲ. ಅಮೃತ ತನ್ನ ಕೈಯನ್ನು ಪೂನಂಳ ಕೈ ಮೇಲೆ ಇಟ್ಟು ಕೂತಳು, ಅಷ್ಟೇ. ಸ್ವಲ್ಪ ಹೊತ್ತಿಗೆ ಪೂನಂ ಕಣ್ಣು ಮಿಟುಕಿಸಿದಳು. ಅಮೃತ ಪುಸ್ತಕದ ಮೇಲೆ ಬೆರಳಿಟ್ಟು ಜಾಗ ತೋರಿಸಿದಳು. ವಿದ್ಯಾವತಿ ತಾನು ನಿಲ್ಲಿಸಿದ್ದ ಹೆಜ್ಜೆಯನ್ನು ಮೊದಲಿಂದ ಹೇಳಿದಳು. ಲೆಕ್ಕ ಮುಂದೆ ಸಾಗಿತು.

ಹಿಂದಿನ ಬೆಂಚಿನ ಒಬ್ಬ ಹುಡುಗಿ, ಹೊಸಬಳಿರಬೇಕು, "ಯಾಕ ನಿಂತ್ರಿ ಟೀಚರ್?" ಎಂದಳು.

"ಕಣ್ಣಿಗಿ ಹಾಕೋ ಚಾಳೀಸು ಕಾಣ್ತದ, ಕುಂಟ ಕಾಲ ಕಾಣ್ತದ. ಕೆಲವರ ತ್ರಾಸು ಕಾಣಂಗಿಲ್ಲ. ಕಾಣಲಿಲ್ಲಂದ್ರ ಇಲ್ಲ ಅಂತಲ್ಲ" ಎಂದಳು ವಿದ್ಯಾವತಿ, ಹಲಗೆಯಿಂದ ತಿರುಗದೆಯೇ. "ನಿನಗ ತಿಳೀಲಿಲ್ಲಂದ್ರ ನಿನಗೂ ನಿಲ್ತೀನಿ."

ಕಸ್ತೂರಿಬಾಯಿ ದೂರು ಹೇಳದೆ ಮನೆಗೆ ಬಂದಳು. ದಾರಿಯುದ್ದಕ್ಕೂ ಎರಡು ವಿಚಾರ ಅವಳನ್ನು ಕಾಡಿದವು. ಆ ಹೆಣ್ಣು ಕಾದ ರೀತಿ ಒಂದು. ತಾನು ನಾಲ್ಕು ಜನರ ಎದುರು ಕರೆದು ಕರೆದು ತೋರಿಸುವುದನ್ನು ಅವಳು ಕರೆಯದೆ, ತೋರಿಸದೆ, ಕೈ ಎತ್ತಿ ಹಿಡಿದು ಕಾದಿದ್ದಳು. ಅದು ಮನಸ್ಸಿಗೆ ಹಿತವಾಗಿತ್ತು ಎಂದು ಒಪ್ಪಲೇಬೇಕಾಯಿತು. ಇನ್ನೊಂದು ವಿಚಾರ ಮಾತ್ರ ಹಿತವಾಗಿರಲಿಲ್ಲ. ಅಲ್ಲಿ ದೀಪವಿರಲಿಲ್ಲ, ಪತ್ರೆ ಇರಲಿಲ್ಲ. ಭಾಗಾಕಾರದ ನಡುವೆ ಬಂದು ಕೂರುವ ದೇವರು ಯಾರು? ಆದರೆ ನಂಬಿಕೆ ಅಷ್ಟು ಬೇಗ ಜಾಗ ಬಿಡುವುದಿಲ್ಲ. ಹುಡುಗಿಯ ಭಕ್ತಿ ಅಷ್ಟು ದೊಡ್ಡದು, ಶಾಲೆಯಲ್ಲೂ ಬಿಡುವುದಿಲ್ಲ ಎಂದು ಮನೆ ಮುಟ್ಟುವ ಹೊತ್ತಿಗೆ ಸಮಾಧಾನ ಮಾಡಿಕೊಂಡಳು.

ದವನದ ಹುಣ್ಣಿಮೆ ಸಮೀಪಿಸಿತು. ಅಕ್ಕನವರು ಬಂದರು, ವಯಸ್ಸಾದ, ತೆಳ್ಳಗಿನ, ಬಿಳಿ ಸೀರೆಯ ಹೆಣ್ಣು, ಮಾತು ಕಡಿಮೆ. ಅಂದು ಕಸ್ತೂರಿಬಾಯಿಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಂತಾಬಾಯಿ ಎಲ್ಲರಿಗಿಂತ ಮುಂದೆ ಕೂತಿದ್ದಳು. ವಿದ್ಯಾವತಿಯೂ ಬಂದು ಬಾಗಿಲ ಬಳಿ ರಾಜೇಶ್ವರಿಯ ಪಕ್ಕದಲ್ಲಿ ನಿಂತಿದ್ದಳು. ಯಾರು ಕರೆದರೋ, ಕಸ್ತೂರಿಬಾಯಿ ಅಂತೂ ಕರೆದಿರಲಿಲ್ಲ.

ಪೂನಂ ಮಣೆಯ ಮೇಲೆ ಕೂತಳು. ಕೊರಳಲ್ಲಿದ್ದ ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ನೀರು, ವಿಭೂತಿ, ಪತ್ರೆ ಎಲ್ಲ ಏರಿಸಿದಳು. ನೋಟ ನಿಲ್ಲಿಸಿದಳು. ಜನರೆಲ್ಲ ಉಸಿರು ಬಿಗಿಹಿಡಿದು ಕೂತರು. ಪೂನಂಳ ಉಸಿರು ಮಾತ್ರ ಹೆದರಿಕೆಗೆ ಜೋರು ಜೋರಾಗಿ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ರೆಪ್ಪೆ ಅದುರಿದವು. ಕಸ್ತೂರಿಬಾಯಿ ಅಕ್ಕನವರ ಕಡೆ ಹೆಮ್ಮೆಯಿಂದ ನೋಡಿ, ಕರೆದಳು. "ಪೂನಂ." ಹುಡುಗಿ ಅಲುಗಲಿಲ್ಲ. "ಪೂನಂ." ಕಾಂತಾಬಾಯಿ ಕೈ ಮುಗಿದಳು.

ಮೂರನೆಯ ಸಲ ಕರೆಯುವ ಮೊದಲೇ ಆ ಎಡಗೈ ಮೆಲ್ಲಗೆ ವಾಲಿತು. ಪತ್ರೆ ಜಾರಿತು, ಅದರ ಹಿಂದೆ ಲಿಂಗವೂ ಜಾರಿತು. ಮಣೆಗೆ ಬಡಿದು ನೆಲದ ಮೇಲೆ ಉರುಳಿತು.

ಜೀವ ಹೋದರೂ ಮೈಮೇಲಿಂದ ಲಿಂಗ ಹೋಗಬಾರದು ಎಂದು ನಂಬಿದ ಜನ. ಪಡಸಾಲೆಯಲ್ಲಿ "ಶಿವಶಿವಾ" ಎಂಬ ಉದ್ಗಾರ ಎದ್ದಿತು. ವೈಜನಾಥ ತಲೆ ತಗ್ಗಿಸಿದ. "ಅಪಚಾರ ಆಯ್ತು, ಹುಡುಗಿ ಕೈಲಿಂದ ಅಪಚಾರ ಆಯ್ತು" ಎಂದು ಕಾಂತಾಬಾಯಿ ಮುಗಿದ ಕೈಯಿಂದಲೇ ಗಲ್ಲ ಬಡಿದುಕೊಂಡಳು. ಇಷ್ಟೆಲ್ಲ ಗದ್ದಲದ ನಡುವೆ ಪೂನಂ ಮಾತ್ರ ಹಾಗೇ ಕೂತಿದ್ದಳು, ಕಣ್ಣು ಖಾಲಿ ಅಂಗೈಯ ಮೇಲೆ.

ಕಸ್ತೂರಿಬಾಯಿ ಆ ಕಣ್ಣುಗಳನ್ನು ನೋಡಿದಳು. ಇಷ್ಟು ವರ್ಷ ಅವಳು ಅವುಗಳಲ್ಲಿ ಲಿಂಗವನ್ನು ನೋಡಿದ್ದಳು. ಈಗ ಲಿಂಗ ನೆಲದ ಮೇಲಿತ್ತು, ಕಣ್ಣುಗಳು ಮೊದಲಿನಂತೆಯೇ ಇದ್ದವು. ಅವು ಯಾವತ್ತೂ ಏನನ್ನೂ ನೋಡುತ್ತಿರಲಿಲ್ಲ.

ಪೂನಂ ಕಣ್ಣು ಮಿಟುಕಿಸಿದಳು. ಕೈ ನೋಡಿಕೊಂಡಳು. ನೆಲ ನೋಡಿದಳು. ಅವಳ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. "ಆಯಿ, ನಾ ಬೀಳ್ಸಿಲ್ಲ" ಎಂದಳು. ಆಮೇಲೆ, ತಡೆದು ತಡೆದು, "ಬೀಳ್ಸಿದೆನೇನೋ, ಗೊತ್ತಿಲ್ಲ. ನಾ ಬೆಳಕು ಅಂತ ಅಂದಿದ್ದು ಸುಳ್ಳ ಆಯಿ. ನಾ ದೇವರ ಹಂತ್ಯಾಕ ಹೋಗಿರಂಗಿಲ್ಲ. ನಾ ಎಲ್ಲೂ ಹೋಗಿರಂಗಿಲ್ಲ. ನಡುವ ಏನೂ ಇರಂಗಿಲ್ಲ" ಎಂದು ಅಳತೊಡಗಿದಳು. "ಶಾಲ್ಯಾಗ ಹೊಡೀತಿದ್ರು. ನೀ ಒಬ್ಬಾಕೇ ಹೊಡೀತಿರಲಿಲ್ಲ. ಅದಕ್ಕ ಅಂದಿದ್ದೆ."

ಕಸ್ತೂರಿಬಾಯಿಯ ಎದೆಯಲ್ಲಿ ಏನೋ ಕಿತ್ತುಬಂದಂತಾಯಿತು. ಶರಣೆ ಹೋದದ್ದಕ್ಕಲ್ಲ. ಒಂದು ಕೂಸು ಪ್ರೀತಿ ಉಳಿಸಿಕೊಳ್ಳಲು ಆರು ವರ್ಷ ಬೆಳಕು ಕಂಡೆ ಎನ್ನಬೇಕಾಯಿತಲ್ಲ, ಅದಕ್ಕೆ. ಅವಳು ಬಗ್ಗಿ ಲಿಂಗವನ್ನು ಎತ್ತಿಕೊಂಡಳು. ನೀರಿನಿಂದ ತೊಳೆದು, ಕಣ್ಣಿಗೊತ್ತಿಕೊಂಡು, ಮೊಮ್ಮಗಳ ಅಂಗೈಯಲ್ಲಿ ಮತ್ತೆ ಇಟ್ಟಳು. ಆ ಅಂಗೈಯ ಕೆಳಗೆ ತನ್ನ ಅಂಗೈ ಕೊಟ್ಟಳು.

"ಅಪಚಾರ ಆಕಿದಲ್ಲ" ಎಂದಳು ಎಲ್ಲರಿಗೂ ಕೇಳುವಂತೆ. "ಬಿದ್ದದ್ದು ನನ್ನ ಸೊಕ್ಕು. ಕೂಸಿಗಿ ಬೇಮಾರಿ ಅದ, ನಾ ಅದಕ್ಕ ಆರತಿ ಬೆಳಗಿದೆ."

ಅಕ್ಕನವರು ಎದ್ದು ಬಂದು ಪೂನಂಳ ತಲೆಯ ಮೇಲೆ ಕೈ ಇಟ್ಟರು. "ಮಠ ಎಲ್ಲೂ ಓಡಿ ಹೋಗಂಗಿಲ್ಲ. ಮೊದಲ ಹುಡುಗಿಗಿ ಇಲಾಜ ಮಾಡಸ್ರಿ, ಶಾಲಿ ಕಲಸ್ರಿ. ಮುಂದ ಆಕಿಗಿ ಬೇಕಾದ್ರ ಆಕಿನೇ ಬರಲಿ" ಎಂದರು. ಇಷ್ಟು ಮಾತು ಅವರು ಒಂದೇ ಸಲ ಆಡಿದ್ದನ್ನು ಜೊತೆಗೆ ಬಂದವರೂ ಕೇಳಿರಲಿಲ್ಲವಂತೆ.

ಕಸ್ತೂರಿಬಾಯಿ ಬಾಗಿಲ ಕಡೆ ತಿರುಗಿದಳು. ಜನರೆದುರು ಸೋಲೊಪ್ಪಿಕೊಳ್ಳುವುದು ಅವಳಿಗೆ ರೂಢಿಯಿರಲಿಲ್ಲ. ಆದರೂ ಕೇಳಿದಳು: "ಟೀಚರ, ಡಾಕ್ಟರ್ ಯಾವಾಗ ಸಿಗ್ತಾರ?"

"ಸೋಲಾಪುರದ ನರದ ಡಾಕ್ಟರು ಹುಮನಾಬಾದಿಗಿ ಬರ್ತಾರ್ರಿ, ತಿಂಗಳಿಗೊಮ್ಮೆ. ಈ ಐತವಾರ ಬರೋರಿದ್ದಾರ. ನೀವು ಊಟ ನಮ್ಮ ಮನ್ಯಾಗೇ ಮಾಡಬೇಕ್ರಿ" ಎಂದಳು ವಿದ್ಯಾವತಿ. ನಾನು ಮೊದಲೇ ಹೇಳಿದ್ದೆನಲ್ಲ ಎಂಬ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಆ ದಿನವೂ ಇಲ್ಲ, ಮುಂದೆಂದೂ ಇಲ್ಲ. ಕಸ್ತೂರಿಬಾಯಿ ತಾನಾಗಿದ್ದರೆ ಹತ್ತು ಸಲ ಅನ್ನುತ್ತಿದ್ದಳು, ಅದು ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಹುಮನಾಬಾದಿನ ದವಾಖಾನೆಯಲ್ಲಿ ಡಾಕ್ಟರು ಎಲ್ಲ ಕೇಳಿಕೊಂಡರು. ಒಲೆ ಊದಿದಾಗ ಹೆಚ್ಚು ಎಂಬ ಮಾತನ್ನು ವಿದ್ಯಾವತಿ ಹೇಳಿದಾಗ ತಲೆಯಾಡಿಸಿದರು. ಒಂದು ತೆಳ್ಳನೆಯ ಕಾಗದದ ಪಟ್ಟಿ ಹರಿದು ಪೂನಂಳ ಕೈಗೆ ಕೊಟ್ಟು, "ಊದು ಮಗಾ, ಜೋರಾಗಿ, ನಿಲ್ಲಸಬ್ಯಾಡ" ಎಂದರು. ಪೂನಂ ಊದಿದಳು. ಕಾಗದ ಪಟಪಟ ಹಾರಿತು. ಊದುತ್ತ ಊದುತ್ತ ಕಾಗದ ಇಳಿಬಿತ್ತು, ಕಣ್ಣು ನೆಟ್ಟವು. ಕಸ್ತೂರಿಬಾಯಿ ತಡೆಯಲಾರದೆ ಕರೆದಳು: "ಪೂನಂ." ಮನಸ್ಸಿನ ಯಾವುದೋ ಮೂಲೆಯಲ್ಲಿ ಉಳಿದಿದ್ದ ಒಂದಿಷ್ಟು ಆಸೆ ಕರೆಸಿತು. ಉತ್ತರ ಬರಲಿಲ್ಲ. ಕಾಗದ ಊದಿದರೆ ಬರುವುದು ದೇವರಲ್ಲ ಎಂದು ಅವಳು ಅಲ್ಲಿ, ಸ್ಪಿರಿಟ್ಟಿನ ವಾಸನೆಯ ಆ ಕೋಣೆಯಲ್ಲಿ, ಪೂರ್ತಿಯಾಗಿ ಒಪ್ಪಿಕೊಂಡಳು. ಸೆರಗು ಬಾಯಿಗೆ ಹಿಡಿದು ಅತ್ತಳು. ವಿದ್ಯಾವತಿ ಅವಳ ಬೆನ್ನ ಮೇಲೆ ಕೈ ಇಟ್ಟು ಸುಮ್ಮನೆ ನಿಂತಳು, ಹಲಗೆಯ ಮುಂದೆ ನಿಂತಿದ್ದ ಹಾಗೇ.

"ಇದು ಹೊಲಸು ರೋಗ ಅಲ್ಲ, ಯಾರ ಶಾಪಾನೂ ಅಲ್ಲ" ಎಂದರು ಡಾಕ್ಟರು. "ಮೆದುಳ ಒಂದ ಕ್ಷಣ ಕಣ್ಣ ಮುಚ್ಚತದ, ಅಷ್ಟೇ. ಉಸಿರ ಜೋರ ಆದ್ರ ಹೆಚ್ಚ ಆಗ್ತದ. ಗುಳಿಗಿ ಬಿಡದಂಗ ನುಂಗಬೇಕು. ಇಂಥಾ ಮಕ್ಕಳು ಭಾಳ ಮಂದಿ ಆರಾಮ ಆಗ್ತಾರ."

ಸೋಲಾಪುರಕ್ಕೆ ಹೋಗಿ ತಲೆಗೆ ತಂತಿ ಹಚ್ಚುವ ಪರೀಕ್ಷೆಯೂ ಆಯಿತು. ಗುಳಿಗೆ ಶುರುವಾಯಿತು. ಮೊದಮೊದಲು ಪೂನಂಗೆ ಹೊಟ್ಟೆ ತೊಳೆಸುತ್ತಿತ್ತು, ಮಧ್ಯಾಹ್ನವಾದರೆ ನಿದ್ದೆ ಎಳೆಯುತ್ತಿತ್ತು. ವಿದ್ಯಾವತಿ ತನ್ನ ಗಣಿತ ಪಾಠದ ತಾಸನ್ನು ಬೆಳಗಿನ ಹೊತ್ತಿಗೆ ಬದಲಿಸಿಕೊಂಡಳು. ಉಳಿದ ಮಾಸ್ತರರ ಹತ್ತಿರ ಒಬ್ಬೊಬ್ಬರ ಬಳಿಯೂ ಹೋಗಿ, ಮುಖ್ಯವಾದ ಮಾತನ್ನು ಎರಡು ಸಲ ಹೇಳಿರಿ ಎಂದು ಕೇಳಿಕೊಂಡಳು. ಛಡಿಯ ಮಾಸ್ತರರೊಬ್ಬರು, "ಒಬ್ಬಾಕಿ ಸಲುವಾಗಿ ಎಲ್ಲಾರಿಗಿ ಎರಡೆರಡ ಸಲ ಹೇಳಬೇಕೇನು?" ಎಂದು ಸಿಡುಕಿದರು. ಅರ್ಧವಾರ್ಷಿಕದಲ್ಲಿ ಅವರ ವಿಷಯದಲ್ಲಿ ಇಡೀ ಕ್ಲಾಸಿನ ಅಂಕಗಳು ಏರಿದ ಮೇಲೆ ಆ ಮಾತು ತಾನಾಗಿಯೇ ನಿಂತಿತು.

ಮನೆಯಲ್ಲಿ ಗುಳಿಗೆಯ ಕೆಲಸ ಕಸ್ತೂರಿಬಾಯಿಯದು. ಬೆಳಿಗ್ಗೆ ಪೂಜೆ ಮುಗಿದೊಡನೆ ಒಂದು, ರಾತ್ರಿ ಊಟದ ಮೇಲೆ ಒಂದು. ದೀಪ ಹಚ್ಚುವುದನ್ನಾದರೂ ಮರೆತಾಳು, ಗುಳಿಗೆ ಮರೆಯಲಿಲ್ಲ. ಓಣಿಯಲ್ಲಿ ಮಾತು ಹಬ್ಬಿತು. ಒಂದು ದಿನ ಕಾಂತಾಬಾಯಿ ಬಂದು, ದನಿ ತಗ್ಗಿಸಿ, "ಖರೇ ಏನವ್ವಾ, ಹುಡುಗಿಗಿ ಫಿಟ್ಸ್ ಅದ ಅಂತ?" ಎಂದು ಕೇಳಿದಳು.

"ಹೂಂ, ಅದ. ಗುಳಿಗಿ ನುಂಗಾಕತ್ತಾಳ, ಹತ್ತನೇತ್ತ ಓದಾಕತ್ತಾಳ" ಎಂದಳು ಕಸ್ತೂರಿಬಾಯಿ, ದನಿ ತಗ್ಗಿಸದೆ. "ಚಹಾ ಕುಡೀತಿಯೇನು?"

ಕಾಂತಾಬಾಯಿ ಕುಡಿದಳು. ಆ ಮನೆಯಲ್ಲಿ ಶರಣೆ ಎನ್ನದೆಯೂ ಚಹಾ ಸಿಗುತ್ತದೆ ಎಂದು ಓಣಿಗೆ ಗೊತ್ತಾದದ್ದು ಆವತ್ತೇ.

ಎರಡು ಸಾವಿರದ ಒಂದನೆಯ ಇಸವಿ, ಹತ್ತನೆಯ ಪರೀಕ್ಷೆಯ ಮೊದಲ ದಿನ. ಪೂನಂ ಯಾರೂ ಹೇಳದೆ ಎದ್ದು, ಮಿಂದು, ಮಣೆಯ ಮೇಲೆ ಕೂತಿದ್ದಳು. ಅಂಗೈಯಲ್ಲಿ ಲಿಂಗ, ಎದುರಿಗೆ ದೀಪ. ನಡುವೆ ನಡುವೆ ತುಟಿ ಅಲುಗುತ್ತಿದ್ದವು. ಮಂತ್ರವೋ, ಕನ್ನಡ ಪದ್ಯವೋ, ಅವಳಿಗೇ ಗೊತ್ತು. ಕಸ್ತೂರಿಬಾಯಿ ಪಕ್ಕದಲ್ಲಿ ಕೂತು ತನ್ನ ಪೂಜೆ ಮಾಡುತ್ತಿದ್ದಳು, ಕಿವಿ ಎಂದಿನಂತೆ ಹಾಲಿನ ಕಡೆ. ಗುಳಿಗೆ ಶುರುವಾದ ಮೇಲೆ ಹುಡುಗಿ ನಿಂತುಬಿಡುವುದು ಕಡಿಮೆಯಾಗುತ್ತ ಬಂದು, ದೀಪಾವಳಿಯಿಂದೀಚೆಗೆ ಯಾರೂ ಕಂಡಿರಲಿಲ್ಲ. ಆದರೆ ಇಂದು ಪರೀಕ್ಷೆ. ರಾತ್ರಿ ಹುಡುಗಿ ಸರಿಯಾಗಿ ಮಲಗಿರಲಿಲ್ಲ. ಬರೆಯುತ್ತ ಬರೆಯುತ್ತ ನಿಂತುಬಿಟ್ಟರೆ? ಅಲ್ಲಿ ಕೈ ಮೇಲೆ ಕೈ ಇಡಲು ಅಮೃತ ಪಕ್ಕದಲ್ಲಿ ಇರುವುದಿಲ್ಲ, ಸುಣ್ಣದ ಕಡ್ಡಿ ಹಿಡಿದು ಕಾಯಲು ವಿದ್ಯಾವತಿ ಇರುವುದಿಲ್ಲ.

ಓರೆಗಣ್ಣಿನಿಂದ ನೋಡಿದಳು. ಪೂನಂಳ ಕಣ್ಣು ಲಿಂಗದ ಮೇಲೆ ನೆಟ್ಟಿದ್ದವು. ತುಟಿ ನಿಂತಿದ್ದವು.

"ಪೂನಂ" ಎಂದಳು. ಒಂದು ಕಾಲಕ್ಕೆ ಉತ್ತರ ಬಾರದಿರಲಿ ಎಂದು ಬೇಡಿಕೊಂಡು ಕರೆಯುತ್ತಿದ್ದ ಹೆಸರು ಅದು.

"ಓ, ಆಯಿ."

ಮೊದಲ ಕರೆಗೇ. ಕಣ್ಣು ಲಿಂಗದಿಂದ ಕದಲಿಸದೆ, ಅಂಗೈ ಅಲುಗಿಸದೆ, ಇಲ್ಲೇ ಇದ್ದೇನೆ ಎನ್ನುವಂತೆ. ನಿಜವಾದ ನೋಟ ನಿಂತಿದ್ದು ಇವತ್ತು ಎಂದು ಕಸ್ತೂರಿಬಾಯಿಗೆ ಅರಿವಾಯಿತು. ಅದನ್ನು ತೋರಿಸಲು ಯಾರನ್ನೂ ಕರೆಯಬೇಕೆನಿಸಲಿಲ್ಲ. ಬರಿ ಕೇಳಬೇಕೆನಿಸಿತು, ಇನ್ನೊಮ್ಮೆ.

"ಪೂನಂ."

"ಓ."

"ಪೂನಂ."

"ಎಷ್ಟ ಸಲ ಕರೀತಿ ಆಯಿ?" ಎಂದು ಹುಡುಗಿ ರೇಗಿದಳು. "ಪರೀಕ್ಷಾಕ್ಕ ಹೊತ್ತಾಗ್ತದ. ಮತ್ತ ಆ ಹಾಲ ನೋಡು, ಉಕ್ಕಾಕತ್ತದ."

ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಕಸ್ತೂರಿಬಾಯಿಗೆ ಅದು ಕೇಳಿಸಿರಲಿಲ್ಲ.